ತಂತಿಯೋ ನೈಲಾನೋ: ಎಣ್ಣೂರಿನ ಬಂಡೆಯ ಮೇಲೊಂದು ಪರೀಕ್ಷೆ

ಮಂಗಳೂರು ಮೈಲು

ನಾನು ಪರದೇಶಕ್ಕೆ ಹೋಗಿ ಬಂದವನು. ನಗಬೇಡಿ. ಪಾಸ್‌ಪೋರ್ಟ್ ಇಲ್ಲ, ಹಡಗು ಹತ್ತಿದ್ದಿಲ್ಲ, ಕೋಟು ಹೊಲಿಸಿದ್ದೂ ಇಲ್ಲ, ಆದರೂ ಪರದೇಶವೇ. ನಾನು ಹುಟ್ಟಿದಾಗ ಮದ್ರಾಸು ನಮ್ಮ ರಾಜಧಾನಿ. ಕುಂದಾಪುರದ ಶಾಲೆಯಲ್ಲಿ ಮದ್ರಾಸಿನ ನಕ್ಷೆ ಬರೆದು, ಅಲ್ಲಿಯ ಗವರ್ನರರ ಹೆಸರು ಬಾಯಿಪಾಠ ಮಾಡಿ ದೊಡ್ಡವನಾದೆ. ಅದೇ ಶಾಲೆಗೆ ಮೇಷ್ಟ್ರಾಗಿ ಸೇರುವ ಹೊತ್ತಿಗೆ ರಾಜ್ಯಗಳನ್ನು ಹೊಸದಾಗಿ ಹಂಚಿ, ನಮ್ಮನ್ನು ಮೈಸೂರಿಗೆ ಸೇರಿಸಿ, ಮದ್ರಾಸನ್ನು ಗೆರೆಯ ಆಚೆಗೆ ಇಟ್ಟುಬಿಟ್ಟಿದ್ದರು. ನಾವು ಕೂತಲ್ಲೇ ಕೂತಿದ್ದೆವು, ರಾಜಧಾನಿ ಎದ್ದು ಪರದೇಶಕ್ಕೆ ಹೋಯಿತು. ನಮ್ಮ ಅಮ್ಮ ಇದನ್ನು ಎಷ್ಟು ಗಟ್ಟಿಯಾಗಿ ನಂಬಿದ್ದಳೆಂದರೆ, ಅಲ್ಲಿಯ ನೀರು ಮಗನಿಗೆ ಒಗ್ಗದಿದ್ದರೆ ಎಂದು ನಮ್ಮ ಬಾವಿಯ ನೀರನ್ನೇ ಹೂಜಿಯಲ್ಲಿ ತುಂಬಿಸಿ ಕೊಟ್ಟಳು. ಹೂಜಿ ಉಡುಪಿ ಮುಟ್ಟುವ ಮೊದಲೇ ಬಸ್ಸಿನಲ್ಲಿ ಒಡೆಯಿತು. ಮುಂದಿನ ಸೀಟಿನಲ್ಲಿದ್ದ ಪುರೋಹಿತರಿಗೆ ಹೇಳದೆ ಕೇಳದೆ ಒಂದು ಸ್ನಾನವಾಯಿತು.

ಹೋಗುತ್ತಿದ್ದದ್ದು ಹೆಣ್ಣು ನೋಡಲು. ಹುಡುಗಿ ಜಲಜ, ನಮ್ಮದೇ ಜಾತಿ, ಕುಂದಾಪುರದ ಕಡೆಯ ನಾಡವರ ಪೈಕಿ; ಆದರೆ ಬೆಳೆದದ್ದು, ಓದಿದ್ದು ಎಲ್ಲ ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ. ತಂದೆ ಇಲ್ಲ. ಇದ್ದರೂ ದೊಡ್ಡ ವ್ಯತ್ಯಾಸವಾಗುತ್ತಿರಲಿಲ್ಲ. ನಮ್ಮಲ್ಲಿ ಹೆಣ್ಣಿನ ವಿಷಯಕ್ಕೆ ಅಪ್ಪನಿಗಿಂತ ಸೋದರಮಾವನ ಮಾತೇ ಮೇಲು. ಆ ಸೋದರಮಾವ ಮಹಾಬಲ ಶೆಟ್ಟರು ಬಂದರಿನ ಕಡೆಯ ಒಂದು ಕಚೇರಿಯಲ್ಲಿ ದೊಡ್ಡ ಗುಮಾಸ್ತರು. ಅವರಿಗೆ ಗಾಳದ ಹುಚ್ಚು ಎಂದು ಯಾರೋ ಹೇಳಿದ್ದೇ ತಡ, ನಮ್ಮ ಅಮ್ಮ ಮಧ್ಯಸ್ಥರ ಹತ್ತಿರ, “ನಮ್ಮ ಮಾಣಿಯೂ ಭಾರೀ ಗಾಳಗಾರ” ಎಂದು ಹೇಳಿ ಕಳಿಸಿಬಿಟ್ಟಿದ್ದಳು.

ಸುಳ್ಳಲ್ಲ. ನಮ್ಮ ಮನೆಯ ಹಿಂದಿನ ಹೊಳೆಯಲ್ಲಿ ನಾನು ಕಾಣೆ ಮೀನು ಹಿಡಿಯುತ್ತಿದ್ದೆ. ಹತ್ತಿಯ ದಾರ, ಅದರ ತುದಿಗೆ ಗಾಳ, ಒಂದು ಗಂಟು, ಅಷ್ಟೇ. ಕಾಣೆ ಸಾಧು ಪ್ರಾಣಿ. ಅದರ ಬಾಯಿ ಹಲ್ಲು ಬಿದ್ದ ಅಜ್ಜಿಯಂದಿರ ಬಾಯಿಯ ಹಾಗೆ, ದಾರವನ್ನು ಕಚ್ಚಿ ತುಂಡರಿಸುವ ಯೋಚನೆಯೇ ಅದಕ್ಕೆ ಹೊಳೆಯುವುದಿಲ್ಲ. ಲೋಕದಲ್ಲಿ ಹಲ್ಲಿರುವ ಮೀನೂ ಇದೆ, ಅದಕ್ಕೆ ಬೇರೆಯೇ ಶಾಸ್ತ್ರವಿದೆ ಎಂಬುದು ನನಗೆ ತಿಳಿದದ್ದು ಪರದೇಶದಲ್ಲೇ.

ಮಂಗಳೂರಿನಲ್ಲಿ ಹತ್ತಿದ ಮೈಲು ರೈಲಿನ ವಿಷಯ ಹೆಚ್ಚು ಹೇಳುವುದಿಲ್ಲ. ಮಲಯಾಳ ಬಂತು, ಹೋಯಿತು. ಪಾಲಕ್ಕಾಡು ಕಳೆದ ಮೇಲೆ ಡಬ್ಬಿ ತುಂಬ ತಮಿಳು. ಮೀನಿನ ಮಾತು ಎತ್ತಿದ ಕೂಡಲೇ ನನ್ನ ಪಕ್ಕದಲ್ಲಿದ್ದ ಗೃಹಸ್ಥರು ಎದ್ದು ಹೋಗಿ ಬಾಗಿಲ ಬಳಿ ನಿಂತರು. ಅವರ ಜಾಗದಲ್ಲಿ ಕಾಲು ಚಾಚಿ ಮಲಗಿ, ಪರದೇಶದವರು ಉದಾರಿಗಳು ಎಂದುಕೊಂಡೆ.

ವೆಸ್ಟ್ ಮಾಂಬಲಂ

ಸೆಂಟ್ರಲ್‌ನಲ್ಲಿ ಇಳಿದು, ರಸ್ತೆ ದಾಟಿ, ಪಾರ್ಕ್ ಸ್ಟೇಷನ್ನಿನಲ್ಲಿ ವಿದ್ಯುತ್ ರೈಲು ಹತ್ತಿದರೆ ಮಾಂಬಲಂ. ಅಲ್ಲಿಯ ಓಣಿಗಳು ಎಷ್ಟು ಸಪೂರವೆಂದರೆ ಎದುರಿನಿಂದ ಎಮ್ಮೆ ಬಂದರೆ ಯಾರಾದರೊಬ್ಬರ ಜಗಲಿ ಹತ್ತಲೇಬೇಕು. ಹಾಗೆ ಹತ್ತಿದ ಮೂರನೆಯ ಜಗಲಿಯೇ ಶೆಟ್ಟರದಾಗಿತ್ತು.

“ಹ್ವಾಯ್, ಬನಿ ಬನಿ! ಒಳ್ಗ್ ಬನಿ, ಕೂಕಣಿ,” ಎಂದು ಅವರು ಊರಿನ ಮಾತಿನಲ್ಲಿ ಕರೆದಾಗ ನನಗೆ ಕಣ್ಣು ತುಂಬಿ ಬಂತು. ದಪ್ಪ ಮೀಸೆ, ಬಿಸಿಲಿಗೆ ಸುಟ್ಟ ಮೂಗು. ಪ್ರಯಾಣ ಹೇಗಾಯಿತು, ಅಮ್ಮ ಹೇಗಿದ್ದಾರೆ ಎಂಬುದೊಂದೂ ಇಲ್ಲ. ಕಾಫಿಯ ಲೋಟ ನನ್ನ ಕೈಗೆ ಬಂದ ಕೂಡಲೇ ಕೇಳಿದರು:

“ಹಲ್ಲಿಪ್ಪು ಮೀನಿಗೆ ನೀವ್ ಎಂತ ಕಟ್ತ್ರಿ?”

ನಾನು ಕಾಫಿ ಕುಡಿದೆ. ಬಿಸಿ ಇತ್ತು, ಆದರೂ ಪೂರ್ತಿ ಕುಡಿದೆ, ಉತ್ತರ ಹುಡುಕಲು ಸಮಯ ಬೇಕಿತ್ತು. ಅವರೇ ಮುಂದುವರಿಸಿದರು. ದಾರಕ್ಕೂ ಗಾಳಕ್ಕೂ ನಡುವೆ, ಮೀನಿನ ಹಲ್ಲು ತಾಗುವ ಕಡೆ, ಬೇರೆಯೇ ಒಂದು ತುಂಡು ಕಟ್ಟಬೇಕು. ಅದಕ್ಕೆ ಲೀಡರ್ ಎಂದು ಹೆಸರು. ಆ ತುಂಡು ಉಕ್ಕಿನ ತಂತಿಯೇ ಆಗಿರಬೇಕು. ಈಗ ಸಿಂಗಾಪುರದಿಂದ ದಪ್ಪ ನೈಲಾನ್ ದಾರ ಬರುತ್ತಿದೆಯಂತೆ, ಹೊಸ ಹುಡುಗರು ಅದನ್ನು ಕಟ್ಟಿಕೊಂಡು ಮೆರೆಯುತ್ತಾರಂತೆ; ಹಲ್ಲಿನ ಮೀನು ಅದನ್ನು ನೂಲಿನ ಹಾಗೆ ಕತ್ತರಿಸಿ ಹೋಗುತ್ತದಂತೆ. “ತಂತಿ ಬಿಟ್ರೆ ಬ್ಯಾರೆ ಮಾತಿಲ್ಲೆ. ಅಲ್ದಾ?”

“ಅಲ್ದೆ ಎಂತ!” ಎಂದೆ.

ಒಳಗಿನಿಂದ ಬಾಗಿಲು ದಡಕ್ಕನೆ ಹಾಕಿದ ಸದ್ದು ಬಂತು. ಗಾಳಿ ಇರಬೇಕು ಎಂದುಕೊಂಡೆ.

ಶೆಟ್ಟರ ತಂಗಿ, ಹುಡುಗಿಯ ತಾಯಿ ಗುಲಾಬಿಯಕ್ಕ ಹೊರಗೆ ಬಂದರು. ಸಾಯಂಕಾಲ ಶಾಸ್ತ್ರದಂತೆ ಜಲಜಳನ್ನು ಕರೆದು ಕೂರಿಸಿದರು. ಎತ್ತರದ ಹುಡುಗಿ, ಮಾವನದೇ ಮೂಗು, ಅದೂ ಬಿಸಿಲಿಗೆ ಸುಟ್ಟದ್ದು. ಮದ್ರಾಸಿನಲ್ಲಿ ಹೆಣ್ಣುಮಕ್ಕಳೆಲ್ಲ ವೀಣೆ ಕಲಿಯುತ್ತಾರೆಂದು ಇವಳಿಗೂ ಕಲಿಸಿದ್ದರಂತೆ. ಒಂದು ಕೀರ್ತನೆ ನುಡಿಸಲಿ ಎಂದು ಗುಲಾಬಿಯಕ್ಕ ಹೇಳಿದರು. ಜಲಜ ವೀಣೆಯನ್ನು ತಂದು ನನ್ನ ಮುಂದೆ ಚಾಪೆಯ ಮೇಲೆ ಇಟ್ಟು ಸುಮ್ಮನೆ ಕೂತಳು. ನೋಡಿದರೆ ಮುಖ್ಯವಾದ ಸಾರಣಿ ತಂತಿಯೇ ಇಲ್ಲ.

“ತಂತಿ ಎಲ್ಲ್ ಹೋಯ್ತ್?” ಎಂದು ತಾಯಿ ಗಾಬರಿಯಾದರು.

“ಮಾವನ್ನ ಕೇಣಿ,” ಎಂದಳು ಜಲಜ.

ಶೆಟ್ಟರು ಮೀಸೆ ತಿರುವುತ್ತ ಚಾವಣಿಯನ್ನು ನೋಡಿದರು. ಗಾಳದ ಪೆಟ್ಟಿಗೆಯಲ್ಲಿ ಅದು ಆಗಲೇ ತುಂಡು ತುಂಡಾಗಿ ಲೀಡರ್ ಆಗಿತ್ತು. ವೀಣೆಯ ತಂತಿಯಷ್ಟು ಸಣ್ಣ, ಅಷ್ಟು ಗಟ್ಟಿ ತಂತಿ ಇಡೀ ಮದ್ರಾಸಿನಲ್ಲಿ ಬೇರೆ ಸಿಗುವುದಿಲ್ಲ ಎಂದು ಅವರ ವಾದ. ಹೀಗೆ ನನ್ನ ಹೆಣ್ಣು ನೋಡುವ ಶಾಸ್ತ್ರ ಸಂಗೀತವಿಲ್ಲದೆ ಮುಗಿಯಿತು.

ನಿಜವಾದ ಶಾಸ್ತ್ರ ಇನ್ನೂ ಬಾಕಿ ಇದೆಯೆಂದು ರಾತ್ರಿಯ ಊಟದಲ್ಲಿ ತಿಳಿಯಿತು. ಶೆಟ್ಟರು ಹುಡುಗರನ್ನು ಒಪ್ಪುವುದು ಮದ್ರಾಸಿನ ಉತ್ತರಕ್ಕಿರುವ ಎಣ್ಣೂರಿನ ಅಳಿವೆಯ ಬಂಡೆಯ ಮೇಲೆ ಕೂರಿಸಿ ನೋಡಿದ ಮೇಲೆಯೇ. ಮೊದಲು ಬಂದವನೊಬ್ಬ ಬಂಡೆಯ ಪಾಚಿಗೆ ಹೆದರಿ ಮರಳಿನಲ್ಲೇ ಉಳಿದನಂತೆ. ಇನ್ನೊಬ್ಬ ಎರೆ ಮುಟ್ಟಲು ಕೈಗವಸು ಕೇಳಿದನಂತೆ. ಇಬ್ಬರೂ ಬಂದ ದಾರಿಯಲ್ಲೇ ಹಿಂದೆ ಹೋದರು. “ಬಂಡೆ ಮೇಲ್ ಕೂಕಂಡ್ರೆ ಗಂಡ್ಸಿನ ಬುದ್ಧಿ ಗೊತ್ತಾತ್ತ್,” ಎಂದರು ಶೆಟ್ಟರು.

ಊಟ ಪೂರಾ ಸಸ್ಯಾಹಾರ. ಮೇಲಿನ ಮಹಡಿಯ ಮನೆಯೊಡೆಯ ಅಯ್ಯರು ಮೀನು ಬೇಯಿಸಬಾರದೆಂಬ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಒಣ ಸಿಗಡಿಯ ಪೊಟ್ಟಣವನ್ನು ನಾನು ಬಿಚ್ಚಿದ ಕೂಡಲೇ ಮೇಲಿನ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಆದುದರಿಂದ ಆ ಸಂಸಾರ ಮೀನು ತಿನ್ನುವುದು ಆದಿತ್ಯವಾರ ಎಣ್ಣೂರಿನಲ್ಲಿ ಮಾತ್ರ. ಗುಲಾಬಿಯಕ್ಕ ಮಸಾಲೆ ಅರೆದು ಡಬ್ಬಿಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಮೀನು ಬಿದ್ದರೆ ಅಲ್ಲೇ ಮೂರು ಕಲ್ಲು ಹೂಡಿ ಸಾರು, ಬೀಳದಿದ್ದರೆ ಮೊಸರನ್ನ. ನಮ್ಮೂರಿನಲ್ಲಿ ಮೀನು ತಂದ ಮೇಲೆ ಮಸಾಲೆ ಅರೆಯುತ್ತಾರೆ. ಇಲ್ಲಿ ಮಸಾಲೆಯೇ ಮೀನನ್ನು ಹುಡುಕಿಕೊಂಡು ಹೋಗುತ್ತದೆ.

ಮೂರ್ ಮಾರ್ಕೆಟ್

ಮರುದಿನ ಶೆಟ್ಟರು ಕಚೇರಿಗೆ ಹೋಗುವಾಗ, ಬೇಕಾದ ಸಾಮಾನು ತೆಗೆದುಕೊಂಡು ಬನ್ನಿ ಎಂದು ನನ್ನನ್ನು ಮೂರ್ ಮಾರ್ಕೆಟ್ಟಿಗೆ ಕಳಿಸಿದರು. ದಾರಿ ತೋರಿಸಲು ಗುಲಾಬಿಯಕ್ಕ. ಗುಲಾಬಿಯಕ್ಕನಿಗೆ ಜೊತೆ ಜಲಜ. ಆ ಮಾರ್ಕೆಟ್ಟಿನಲ್ಲಿ ಸಿಗದ ವಸ್ತುವಿಲ್ಲ: ಹಳೆಯ ಪುಸ್ತಕ, ಗಿಳಿ, ಯಾರದೋ ಕನ್ನಡಕ, ಯಾರದೋ ಹಲ್ಲಿನ ಸೆಟ್ಟು. ಗುಲಾಬಿಯಕ್ಕ ಒಂದು ಹಿತ್ತಾಳೆ ಜರಡಿಗೆ ಚೌಕಾಸಿ ಮಾಡಲು ಕೂತರು. ಅವರ ಚೌಕಾಸಿ ಬೇಗ ಮುಗಿಯುವ ಜಾತಿಯದಲ್ಲ. ಪಕ್ಕದ ಅಂಗಡಿಯಲ್ಲಿ ಗಾಳದ ಸಾಮಾನು ತೂಗುಹಾಕಿದ್ದರು.

ನಾನು ತಂತಿಯ ಸುರುಳಿಯೊಂದನ್ನು ಎತ್ತಿಕೊಂಡೆ. ಜಲಜ ಅದನ್ನು ನನ್ನ ಕೈಯಿಂದ ತೆಗೆದು ಮತ್ತೆ ಮೊಳೆಗೆ ಹಾಕಿದಳು.

“ಸುಮ್ಮಾ ಮಾವ ಹೇಳ್ರ್ ಅಂತ ತಂತಿ ತಕಂತ್ರ್ಯಾ? ನೀರ್ ಕಲಂಕ ಇದ್ರೆ ಅವ್ರ್ ಹೇಳುದ್ ಸಮ. ಈಗ ಎಣ್ಣೂರ್ ತಣ್ಣಿ ಕಣ್ಣಾಡಿ ಮಾದಿರಿ ಇತ್ತ್. ಮೀನ್ ಹತ್ರ ಬತ್ತ್, ತಂತಿ ಕಾಣ್ತ್, ತಿರ್ಗಿ ಹೋತ್ತ್. ತೆರಿಯುಮಾ?”

ಅವಳ ಕನ್ನಡ ಹೀಗೆಯೇ, ಕುಂದಾಪುರದಲ್ಲಿ ಹೊರಟು ನಡುವೆ ಮಾಂಬಲಂನಲ್ಲಿ ಇಳಿದು ಮತ್ತೆ ಕುಂದಾಪುರಕ್ಕೆ ಹತ್ತುತ್ತಿತ್ತು. ನನಗೆ ಅದು ಬಹಳ ಹಿಡಿಸಿತು, ಸುಳ್ಳೇಕೆ ಹೇಳಲಿ.

“ನೈಲಾನ್ ಕಟ್ರೆ ಹಲ್ಲಿಗೆ ತುಂಡ್ ಆತಿಲ್ಯಾ?” ಎಂದು ಕೇಳಿದೆ.

“ಆತ್ತ್. ದಪ್ಪದ್ದ್ ಆರೆ ಕೂಡ್ಲೆ ಆತಿಲ್ಲೆ. ಒಂದ್ ಮೀನ್ ಹಿಡ್ದ್ ಮೇಲೆ ಉಗ್ರಲ್ಲ್ ಸವರಿ ಕಾಣ್ಕ್. ತರಿ ಸಿಕ್ರೆ ಕತ್ರ್ಸಿ ಹೊಸ್ತ್ ಕಟ್ಕ್. ಮಾವಂಗೆ ಅಷ್ಟ್ ಪೊರುಮೆ, ತಾಳ್ಮೆ ಇಲ್ಲೆ.”

“ನಿಮ್ಗೆ ಇಷ್ಟೆಲ್ಲ ಹ್ಯಾಂಗ್ ಗೊತ್ತ್?”

ತಾಯಿಯ ಚೌಕಾಸಿ ಇನ್ನೂ ಮುಗಿದಿಲ್ಲವೆಂದು ಅವಳು ತಿರುಗಿ ನೋಡಿಕೊಂಡಳು. ಆಮೇಲೆ ಹೇಳಿದಳು. ಸಣ್ಣವಳಿದ್ದಾಗಿನಿಂದ ಮಾವನ ಪಕ್ಕದಲ್ಲಿ ಆ ಬಂಡೆಯ ಮೇಲೆ ಕೂತು ಗಾಳ ಹಾಕಿದವಳು ಅವಳು. ಮಾವನೇ ಕಲಿಸಿದ್ದು. ಸಂಬಂಧಗಳು ಬರಲು ಶುರುವಾದ ಮೇಲೆ ಮಾವನೇ ಗಾಳ ಕಸಿದಿಟ್ಟರು. ನೋಡಲು ಬಂದವರು ಏನೆಂದಾರು ಎಂದು. ಈಗ ಆದಿತ್ಯವಾರಗಳಲ್ಲಿ ಅವಳ ಕೆಲಸ ಕೊಡೆ ಹಿಡಿಯುವುದು.

“ಕಾಣಿ,” ಎಂದಳು, ನೈಲಾನಿನ ಸುರುಳಿಯೊಂದನ್ನು ನನ್ನ ಕೈಗೆ ಹಾಕುತ್ತ, “ನಿಮ್ಗೆ ತಂತಿಯೇ ಸಮ ಅಂತ ಕಂಡ್ರೆ ತಂತಿ ಕಟ್ಟಿ. ಮಾವನ್ನ ಮೆಚ್ಸುಕ್ ಕಟ್ಟಿದ್ರೆ ಮಾತ್ರ ನಂಗೆ ನೀವ್ ಬ್ಯಾಡ.”

ಅಷ್ಟರಲ್ಲಿ ಗುಲಾಬಿಯಕ್ಕ ಜರಡಿಯನ್ನು ಗೆದ್ದುಕೊಂಡು ಬಂದರು. ನಾನು ತಂತಿಯನ್ನೂ ಕೊಂಡೆ, ನೈಲಾನನ್ನೂ ಕೊಂಡೆ. ತಂತಿ ಕಟ್ಟಿದರೆ ಹುಡುಗಿ ಹೋದಳು, ನೈಲಾನ್ ಕಟ್ಟಿದರೆ ಮಾವ ಹೋದರು. ಹೆಣ್ಣು ನೋಡಲು ಹೋಗಿ ಹೀಗೆ ಸಿಕ್ಕಿಹಾಕಿಕೊಂಡ ಗಂಡು ಕುಂದಾಪುರ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಹೋಗಲಿ, ಬೇರೆ ಸಂಬಂಧ ನೋಡಿದರಾಯಿತು ಎನ್ನುವ ಹಾಗೂ ಇರಲಿಲ್ಲ. ಮಾರ್ಕೆಟ್ಟಿನಿಂದ ಹೊರಗೆ ಬರುವಾಗಲೇ ನನಗೆ ಬೇಕಾದವಳು ಇವಳೇ ಎಂದು ಗೊತ್ತಾಗಿಹೋಗಿತ್ತು.

ಎಣ್ಣೂರು

ಆದಿತ್ಯವಾರ ಬೆಳಗಿನ ಪ್ಯಾಸೆಂಜರಿನಲ್ಲಿ ಹೊರಟೆವು: ಗಾಳದ ಗಳುಗಳನ್ನು ಹಿಡಿದ ಶೆಟ್ಟರು, ಮಸಾಲೆಯ ಡಬ್ಬಿ ಹಿಡಿದ ಗುಲಾಬಿಯಕ್ಕ, ಕೊಡೆ ಹಿಡಿದ ಜಲಜ, ಕಿಸೆಯಲ್ಲಿ ತಂತಿ, ನೈಲಾನ್ ಎರಡನ್ನೂ ಹಿಡಿದ ನಾನು.

ಎಣ್ಣೂರಿನಲ್ಲಿ ಹಿನ್ನೀರು ಸಮುದ್ರಕ್ಕೆ ಸೇರುವ ಬಾಯಿ ನೋಡಿ ನಮ್ಮ ಗಂಗೊಳ್ಳಿಯ ಅಳಿವೆ ನೆನಪಾಯಿತು. ನಮ್ಮದು ಹಸಿರು, ಇವರದು ಬರೀ ಮರಳು, ಬಿಸಿಲು. ನೀರು ಮಾತ್ರ ಜಲಜ ಹೇಳಿದ ಹಾಗೆಯೇ. ಬಂಡೆಯ ಬುಡದಲ್ಲಿ ಮಲಗಿದ್ದ ಏಡಿಯ ಕಾಲೂ ಕಾಣುತ್ತಿತ್ತು. ಇಲ್ಲಿಯ ಹಲ್ಲಿನ ಮೀನಿಗೆ ಶೀಲಾ ಎಂದು ಹೆಸರು. ಉದ್ದ ಮೈ, ಚೂಪು ಮೂತಿ, ಕೆಳದವಡೆ ಮುಂದಕ್ಕೆ ಚಾಚಿ ಸದಾ ಸಿಟ್ಟಿನಲ್ಲಿರುವ ಹಾಗೆ ಕಾಣುತ್ತದೆ. ಸತ್ತದ್ದನ್ನೂ ಬರಿಗೈಯಲ್ಲಿ ಮುಟ್ಟಬೇಡಿ ಎಂದರು ಶೆಟ್ಟರು.

ನಾನು ಪುಕ್ಕಲ. ಮೊದಲು ತಂತಿಯನ್ನೇ ಕಟ್ಟಿದೆ. ಅದು ಗಂಟಿಗೆ ಬಗ್ಗುವ ವಸ್ತುವಲ್ಲ, ತಿರುಚಿ ತಿರುಚಿ ಕಟ್ಟಬೇಕು. ಶೆಟ್ಟರೇ ತಿರುಚಿ ಕೊಟ್ಟು ಬೆನ್ನು ತಟ್ಟಿದರು. ಹಿಂದೆ ತಿರುಗಿ ನೋಡಿದರೆ ಕೊಡೆಯ ನೆರಳಿನಲ್ಲಿದ್ದ ಜಲಜ ಸಮುದ್ರದ ಇನ್ನೊಂದು ಕಡೆಗೆ ಮುಖ ತಿರುಗಿಸಿದ್ದಳು. ಬೆನ್ನು ತಟ್ಟಿಸಿಕೊಂಡಷ್ಟು ಸಂತೋಷವೂ ಉಳಿಯಲಿಲ್ಲ.

ಇಬ್ಬರೂ ಎಸೆದು ಎಳೆದೆವು. ಮತ್ತೆ ಎಸೆದೆವು. ಬಂಡೆಯ ಮೇಲಿನಿಂದ ಎಲ್ಲ ಕಾಣುತ್ತಿತ್ತು. ಶೀಲಾ ಮೀನು ನೆರಳಿನ ಹಾಗೆ ಎರೆಯ ಹಿಂದೆ ಬರುತ್ತದೆ, ಮೂತಿ ಹತ್ತಿರ ತರುತ್ತದೆ, ಬಿಸಿಲಿಗೆ ತಂತಿ ಒಮ್ಮೆ ಮಿನುಗುತ್ತದೆ, ಮೀನು ಹಿಂದಿರುಗುತ್ತದೆ. ಶೆಟ್ಟರು, “ಹಸಿವಿಲ್ಲೆ ಅವ್ಕೆ,” ಎಂದರು. ಗುಲಾಬಿಯಕ್ಕ ಮಸಾಲೆಯ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚಿದರು. ಬಿಸಿಲು ಏರಿದ ಹಾಗೆಲ್ಲ ನನಗೂ ಒಂದು ಬಗೆಯ ಸಿಟ್ಟು ಏರಿತು, ಶೆಟ್ಟರ ಮೇಲಲ್ಲ, ನನ್ನ ಮೇಲೆಯೇ. ಕಣ್ಣಿಗೆ ಕಾಣುವುದನ್ನು ಕಾಣಲಿಲ್ಲ ಎಂದು ಕೂತಿರುವುದಕ್ಕೆ ಇಷ್ಟು ದೂರ ಬರಬೇಕಿತ್ತೇ?

ತಂತಿಯನ್ನು ಕತ್ತರಿಸಿ ತೆಗೆದೆ. ಕಿಸೆಯಿಂದ ನೈಲಾನ್ ಹೊರಗೆ ಬಂತು.

“ಎಂತ ಮಾಡ್ತ್ರಿ?” ಎಂದರು ಶೆಟ್ಟರು.

“ಇದನ್ ಒಂದ್ ಕಾಂಬ.”

ಅವರು ಸ್ವಲ್ಪ ದೂರ ಸರಿದು ಕೂತರು. ಜಲಜಳ ಕೊಡೆ ಮಾತ್ರ ಈ ಕಡೆಗೆ ತಿರುಗಿತು. ಆ ಉತ್ಸಾಹದಲ್ಲಿ ನಾನು ನಮ್ಮ ಹೊಳೆಯ ಬದಿಯಲ್ಲಿ ಹಾಕುವ ಗಂಟನ್ನೇ ಹಾಕಿ, ಬಿಗಿಯಾಗಿ ಎಳೆದು ಎಸೆದೆ.

ಎರೆ ನೀರಿಗೆ ಬಿದ್ದದ್ದಷ್ಟೇ ಗೊತ್ತು. ಗಳು ಬಗ್ಗಿತು, ರೀಲು ಕಿರುಚಿತು, ನನ್ನ ಕಾಲು ಪಾಚಿಯ ಮೇಲೆ ಜಾರಿತು. ದೂರದಲ್ಲಿ ಬೆಳ್ಳಗೆ ಉದ್ದದ್ದೊಂದು ನೀರಿನ ಮೇಲೆ ಹಾರಿತು. ಗುಲಾಬಿಯಕ್ಕ ಎದ್ದು ನಿಂತು ದೇವರ ಹೆಸರು ಹೇಳಿದರು. ಮರುಕ್ಷಣ ದಾರ ಸಡಿಲಾಗಿ ನಾನು ಕುಕ್ಕರಿಸಿ ಕೂತೆ. ಎಳೆದುಕೊಂಡರೆ ಬರೀ ನೈಲಾನ್. ಗಾಳವಿಲ್ಲ, ಮೀನಿಲ್ಲ.

“ಕಂಡ್ರ್ಯಾ!” ಶೆಟ್ಟರು ಕುಣಿದರು. “ಹಲ್ಲ್ ಹಾಕಿ ತುಂಡ್ ಮಾಡ್ಕಂಡ್ ಹೋಯ್ತ್! ನಾ ಹೇಳ್ಲಿಲ್ಯಾ?” ಅವರ ಮುಖದಲ್ಲಿ ನನ್ನ ಮೇಲೆ ಮುನಿಸಿರಲಿಲ್ಲ, ಪ್ರೀತಿಯೇ ಉಕ್ಕಿ ಬಂದಿತ್ತು. ಎಡವಿ ಬಿದ್ದು ಬುದ್ಧಿ ಬಂದ ಹುಡುಗನನ್ನು ಯಾವ ಮಾವ ಬೇಡವೆನ್ನುತ್ತಾನೆ?

ಜಲಜ ಕೊಡೆಯನ್ನು ಮರಳಿನಲ್ಲಿ ಊರಿ ಬಂಡೆ ಹತ್ತಿ ಬಂದಳು. ನನ್ನ ದಾರದ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ ಮಾವನ ಮುಂದೆ ಹಿಡಿದಳು.

“ಹಲ್ಲ್ ತಾಗಿದ್ರೆ ತುದಿ ಹರ್ದ್ ಹೋಯಿರ್ತಿತ್ತ್. ಇದ್ ಹಂದಿ ಬಾಲದ ಹಾಂಗ್ ಸುರುಳಿ ಸುತ್ತಿತ್ತ್. ಗಂಟ್ ಬಿಚ್ಚಿ ಹೋದ್ದ್, ಮಾವ. ಹತ್ತಿ ದಾರಕ್ಕ್ ಹಾಕು ಗಂಟ್ ನೈಲಾನಿಗ್ ನಿಲ್ತಿಲ್ಲೆ, ಜಾರ್ತ್.”

“ಹಲ್ಲೇ,” ಎಂದರು ಶೆಟ್ಟರು.

“ಗಂಟೇ,” ಎಂದಳು ಜಲಜ.

ಇಬ್ಬರ ಸುಟ್ಟ ಮೂಗುಗಳೂ ಒಟ್ಟಿಗೆ ನನ್ನ ಕಡೆಗೆ ತಿರುಗಿದವು. ಶೆಟ್ಟರು ಹೇಳಿದರು: “ಕಟ್ಟಿದ್ದ್ ನೀವ್. ನೀವೇ ಹೇಳಿ. ಹಲ್ಲಾ, ಗಂಟಾ?”

ಹಲ್ಲು ಎಂದುಬಿಟ್ಟರೆ ಎಲ್ಲ ಸಲೀಸು. ತಪ್ಪು ಮೀನಿನದು, ಗೆಲುವು ಶೆಟ್ಟರದು, ನನ್ನ ಗಾಳಗಾರಿಕೆಗೂ ಕುಂದಿಲ್ಲ. ಹೆಣ್ಣು ಕೊಡುವ ಅಧಿಕಾರವೂ ಅವರದೇ. ಗಂಟು ಎಂದರೆ ಅವರೂ ಸೋತರು, ನಾನೂ ಸೋತೆ, ನಮ್ಮ ಅಮ್ಮ ಹೇಳಿ ಕಳಿಸಿದ್ದೂ ನೀರಿಗೆ ಹೋಯಿತು. ತುದಿಯನ್ನು ನಾನೂ ನೋಡಿದೆ. ಅದು ಸುರುಳಿಯೇ ಸುತ್ತಿತ್ತು.

“ಗಂಟ್,” ಎಂದೆ. “ನಂಗೆ ಕಾಣೆ ಮೀನಿನ ಗಂಟ್ ಬಿಟ್ರೆ ಬ್ಯಾರೆ ಗೊತ್ತಿಲ್ಲೆ. ಹಲ್ಲಿಪ್ಪು ಮೀನ್ ಕಂಡದ್ದೇ ಇವತ್ತ್.” ಬಾಯಿ ಬಿಟ್ಟದ್ದಾಯಿತಲ್ಲ, ಇನ್ನೇನು ಎಂದು ಗಳುವನ್ನೇ ಜಲಜಳ ಮುಂದೆ ಹಿಡಿದೆ. “ನಿಮ್ಗ್ ಬತ್ತಲ್ದಾ, ನೀವೇ ಕಟ್ಟಿ.”

ಅವಳು ಗಳುವನ್ನು ತೆಗೆದುಕೊಳ್ಳಲಿಲ್ಲ, ಮಾವನನ್ನು ನೋಡಿದಳು. ಶೆಟ್ಟರು ಸಮುದ್ರವನ್ನು ನೋಡಿದರು. ಕೊನೆಗೆ ಗುಲಾಬಿಯಕ್ಕನೇ ಕೆಳಗಿನಿಂದ, “ಅಣ್ಣ, ಮಸಾಲೆ ಹುಳಿ ಬತ್ತ್!” ಎಂದು ಕೂಗಿದರು.

“ಕಟ್ಟ್,” ಎಂದರು ಶೆಟ್ಟರು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸ ಗಾಳ ತೆಗೆದು, ದಾರವನ್ನು ಅದರದೇ ಮೈಗೆ ಸುತ್ತಿ ಸುತ್ತಿ, ತುಟಿಗಿಟ್ಟು ಎಂಜಲು ಹಚ್ಚಿ ಎಳೆದಳು. ಅವಳು ಎಸೆದ ರೀತಿ ನೋಡಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೊದಲ ಸಲ ಏನೂ ಇಲ್ಲ. ಎರಡನೆಯ ಸಲವೂ ಇಲ್ಲ. ಆಮೇಲೆ ಗಳು ಬಗ್ಗಿತು. ಅವಳು ನನ್ನ ಹಾಗೆ ಜಾರಲಿಲ್ಲ. ಮೀನು ಓಡಿದಾಗ ಬಿಟ್ಟಳು, ನಿಂತಾಗ ಸುತ್ತಿದಳು, ಶೆಟ್ಟರು ತಡೆಯಲಾರದೆ, “ಎಡಕ್ಕ್ ಎಳಿ ಹೆಣ್ಣೇ, ಎಡಕ್ಕ್!” ಎಂದು ಅವಳ ಬೆನ್ನ ಹಿಂದೆ ಕುಣಿಯುತ್ತಿದ್ದರು. ತೋಳುದ್ದದ ಶೀಲಾ ಬಂಡೆಯ ಮೇಲೆ ಬಿದ್ದು ದವಡೆ ಕಟಕಟಿಸಿತು.

ಶೆಟ್ಟರು ನೈಲಾನನ್ನು ಉಗುರಿನಿಂದ ಸವರಿ ನೋಡಿದರು. “ತರಿ ಬಿದ್ದಿತ್ತ್. ಈ ಮೀನಿಗ್ ತಡ್ದಿತ್ತ್, ಇನ್ನೊಂದ್ ಮೀನಿಗೆ ತಡೀತಿರ್ಲಿಲ್ಲೆ,” ಎಂದರು. ಅಷ್ಟು ಬಿಟ್ಟುಕೊಡಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಮೀಸೆಯೇ ಹೇಳುತ್ತಿತ್ತು. ಮೀನನ್ನು ಹೆಗಲ ವಸ್ತ್ರದಲ್ಲಿ ಸುತ್ತಿ ಎತ್ತಿಕೊಂಡು ಇಳಿದು ತಂಗಿಯ ಮುಂದೆ ಇಟ್ಟರು. ನಾನೂ ಹಿಂದೆಯೇ ಇಳಿದೆ.

“ಗುಲಾಬಿ, ಈ ಮಾಣಿಗೆ ಗಂಟ್ ಹಾಕುಕ್ ಬತ್ತಿಲ್ಲೆ. ಜಲಜಂಗೆ ಬತ್ತ್. ಒಂದ್ ಮನೀಗ್ ಒಬ್ರಿಗ್ ಬಂದ್ರೆ ಸಾಕಲ್ದಾ?”

ಗುಲಾಬಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಈರುಳ್ಳಿ ಇನ್ನೂ ಹೆಚ್ಚಿರಲಿಲ್ಲ. “ನಂಗೆ ಒಪ್ಗಿ ಅಣ್ಣ. ಹೆಣ್ಣನ್ ಕೇಣ್ಕಲ್ದಾ?”

ಮೂವರೂ ಬಂಡೆಯ ಮೇಲೆ ನೋಡಿದೆವು. ಜಲಜ ತರಿ ಬಿದ್ದ ನೈಲಾನನ್ನು ಕತ್ತರಿಸಿ ಬಿಸಾಡಿ ಹೊಸದನ್ನು ಕಟ್ಟುತ್ತಿದ್ದಳು. ತಲೆ ಎತ್ತದೆ ನನ್ನನ್ನೇ ಕೇಳಿದಳು:

“ಕುಂದಾಪ್ರದಲ್ಲ್ ಹೆಂಗ್ಸ್ರ್ ಹೊಳಿ ಬದೀಲ್ ಗಾಳ ಹಿಡ್ಕಂಡ್ ಕೂಕಂಡ್ರೆ ಜನ ನಗಾಡ್ತ್ರಾ?”

ಇಲ್ಲ ಎನ್ನಬಹುದಿತ್ತು. ಆದರೆ ನಮ್ಮೂರು ನನಗೆ ಗೊತ್ತು.

“ನಗಾಡ್ತ್ರ್,” ಎಂದೆ.

ಅವಳು ಗಂಟನ್ನು ಬಿಗಿದು, ಹಲ್ಲಿನಿಂದ ತುದಿ ಕಡಿದು ಉಗುಳಿದಳು.

“ನಗಾಡ್ಲಿ,” ಎಂದು ಗಾಳ ಎಸೆದಳು.